ಹದಿನಾಲ್ಕೂವರೆ ಪಾಲು ಗಾಳಿ

ನವೆಂಬರ್ 11, ಮಂಗಳವಾರ. ಸಿಂದಗಿ

ಇಂದು ಮಧ್ಯಾಹ್ನ ಮಗ ಅಮಿತ ಒಬ್ಬ ಹೋಟೆಲಿನವನನ್ನು ಮನೆಗೆ ಕರೆತಂದ. ಹೆದ್ದಾರಿಯ ಮೇಲೆ ದೊಡ್ಡ ಖಾನಾವಳಿ ಕಟ್ಟಿಸುತ್ತಿದ್ದಾನಂತೆ. ಅದರ ಮುಂದೆ ಸಿಮೆಂಟಿನ ಕಟ್ಟೆ ಹಾಕಿ, ಕಟ್ಟೆಯ ಮೇಲೆ ನನ್ನ ಹಳೆಯ ಕಾರು ಗಾಡಿಯನ್ನು ನಿಲ್ಲಿಸುತ್ತಾನಂತೆ. ಸುತ್ತ ಬಣ್ಣದ ದೀಪ. ಊಟಕ್ಕೆ ಬಂದವರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಂತೆ. ಅವನು ಟೇಪು ಹಿಡಿದು ಗಾಡಿಯ ಉದ್ದಗಲ ಅಳೆದ, ಹೆಣ ಅಳೆದ ಹಾಗೆ. ನಾನು ಕೂತುಕೊಳ್ಳಿ ಎನ್ನಲಿಲ್ಲ.

ಅವನು ಹೋದ ಮೇಲೆ ಅಮಿತನನ್ನು ನಿಲ್ಲಿಸಿ ಕೇಳಿದೆ.

"ಯವ್ವಾ, ಹೊಗಿ ಪರೀಕ್ಷಾದಾಗ ಎರಡ ಸಲ ನಪಾಸಾಗೈತಿ. ಜನವರಿ ಹನ್ನೆರಡಕ್ಕ ರಿಜಿಸ್ಟ್ರೇಶನ್ ಮುಗೀತೈತಿ. ಆಮ್ಯಾಲ ರಸ್ತಾಕ್ಕ ತರಾಕ ಬರೂದಿಲ್ಲ. ಶೆಡ್ಡಿನ್ಯಾಗ ಇಲಿ ಸಾಕೂದಕ್ಕಿಂತ ಅಲ್ಲಿ ನಿಂತ್ರ ನಾಕ ಮಂದಿ ನೋಡ್ತಾರ."

"ಪಾಸಾದ್ರ?"

"ಪಾಸಾದ್ರ ನೀನ ಇಟ್ಕೊ. ಆಗಲಿಲ್ಲಂದ್ರ?"

"ಆಗಲಿಲ್ಲಂದ್ರ ಕೀಲಿ ನಾನ ಕೊಡ್ತೇನಿ."

ಸೊಸೆ ಜಯಮಾಲಾ ಎದುರಿಗೇ ಇದ್ದಳು. ಮಾತು ಕೊಟ್ಟಾಯಿತು.

ಈ ಗಾಡಿಯನ್ನು ನಮ್ಮ ಮಾವನವರು ಸೊಲ್ಲಾಪುರದ ಗಿರಣಿ ಮಾಲೀಕರೊಬ್ಬರಿಂದ ತಂದರು. ಇಂಗ್ಲೆಂಡಿನದು, ಬೆಣ್ಣೆ ಬಣ್ಣ, ಎರಡೇ ಸೀಟು, ಮೇಲೆ ಮಡಚುವ ಅರಿವೆಯ ಟಪ್ಪು. 1979ರಲ್ಲಿ ಇವರು, ಬಸಂತರಾಯರು, ಇಂಡಿ ರಸ್ತೆಯ ಮೇಲೆ ನನಗೆ ಇದನ್ನು ಹೊಡೆಯಲು ಕಲಿಸಿದರು. ಮುದ್ದೇಬಿಹಾಳದಲ್ಲಿ ಹೈಸ್ಕೂಲು ಮುಗಿಸಿ ಬಂದ ಸೊಸೆ ಗಾಡಿ ಹೊಡೆಯುವುದನ್ನು ನೋಡಲು ಜನ ಕುಡುಗೋಲು ಹಿಡಿದುಕೊಂಡೇ ಹೊಲದಿಂದ ರಸ್ತೆಗೆ ಬರುತ್ತಿದ್ದರು. ಇವರು ಹೋಗಿ ನಾಲ್ಕು ವರ್ಷವಾಯಿತು. ಅದನ್ನು ಕಟ್ಟೆಯ ಮೇಲೆ ನಿಲ್ಲಿಸುವುದನ್ನು ನಾನು ನೋಡುವುದಿಲ್ಲ.

ನವೆಂಬರ್ 14, ಶುಕ್ರವಾರ

ಶಮಶುದ್ದೀನ ಮೇಸ್ತ್ರಿ ಬಂದಿದ್ದ. ಮೂವತ್ತು ವರ್ಷದಿಂದ ಈ ಗಾಡಿಯನ್ನು ಬಿಚ್ಚಿ ಜೋಡಿಸಿದವನು. ಅವನೇ ಕೈ ಚೆಲ್ಲಿದ.

"ಅಕ್ಕಾರ, ಕಾರ್ಬುರೇಟರ್ ಸವದು ಹೋಗೈತ್ರಿ. ಇನ್ನ ಎಷ್ಟ ತಿರುವಿದ್ರೂ ಪೆಟ್ರೋಲ್ ಉಗುಳತೈತಿ. ಅದನ್ನ ತಗದು ಇಂಜೆಕ್ಷನ್ ಕೂಡಸೂಣು. ಈಗಿನ ಮೋಟರ್‌ಸೈಕಲ್‌ಗೆ ಎಲ್ಲಾ ಅದ ಬರ್ತೈತಿ. ಕಂಪ್ಯೂಟರ್ ಹನಿ ಎಣಿಸಿ ಪೆಟ್ರೋಲ್ ಬಿಡತೈತಿ. ನನಗ ಅದು ಬರೂದಿಲ್ಲ. ಬರೂವರನ್ನ ಕರಕೊಂಡ ಬಂದೇನಿ."

ಬರುವವರು ಎಂದರೆ ಒಂದು ಹುಡುಗಿ. ಮೋರಟಗಿಯ ರಾವಸಾಬ ಮಾಸ್ತರರ ಮಗಳು ಸಂಘಮಿತ್ರಾ. ಡಿಪ್ಲೊಮಾ ಓದಿ, ಪುಣೆಯಲ್ಲಿ ರೇಸಿನ ಗಾಡಿಗಳಿಗೆ ಇಂಜೆಕ್ಷನ್ ಹೊಂದಿಸುವ ವರ್ಕ್‌ಶಾಪಿನಲ್ಲಿ ನಾಲ್ಕು ವರ್ಷ ಇದ್ದಳಂತೆ. ಯಾರ ಪೈಕಿ ಎಂದು ನಾನು ಕೇಳಲಿಲ್ಲ. ಹೆಸರೇ ಹೇಳುತ್ತದೆ. ಕುಡಿಯುವ ನೀರಿನ ಬಾಟ್ಲಿ ತಾನೇ ತಂದಿದ್ದಳು. ಒಳ್ಳೆಯದಾಯಿತು, ಆ ವಿಷಯ ನಾನು ಎತ್ತಬೇಕಾಗಲಿಲ್ಲ. ಶೆಡ್ಡಿನಲ್ಲಿ ಕೆಲಸ ಮಾಡಲಿ, ಒಳಗೆ ಬರುವ ಕಾರಣವಿಲ್ಲ.

ನವೆಂಬರ್ 18, ಮಂಗಳವಾರ

ಗಾಡಿ ಚಾಲೂ ಆಯಿತು. ಇಂಜೆಕ್ಷನ್ ಕೂಡಿಸಿದ್ದು ಮುಗಿದು ಕೀಲಿ ತಿರುಗಿಸುವ ಮೊದಲು ಶಮಶುದ್ದೀನ, "ಅಕ್ಕಾರ, ಗಾಲಿ ಕೆಳಗ ಒಂದ ನಿಂಬಿಹಣ್ಣ ಇಡೂಣೇನ್ರಿ?" ಎಂದ.

ಹುಡುಗಿ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ಚಾಚಾ, ನಮ್ಮ ಮನ್ಯಾಗ ನಿಂಬಿಹಣ್ಣ ಉಪ್ಪಿನಕಾಯಿಗೆ ಅಷ್ಟ."

"ನಮ್ಮ ಮನ್ಯಾಗೂ ಹಂಗ ಐತಿ ಬೇಟಿ. ಗಿರಾಕಿ ಮನಸ್ಸಿಗೆ ಇಡತೇನಿ."

ಇಬ್ಬರೂ ನಕ್ಕರು. ನಿಂಬೆಹಣ್ಣು ಇಡಲಿಲ್ಲ.

ಕೆಲಸ ಹೇಗೆ ಎಂದು ಕೇಳಿದೆ. ಹೇಳುವುದು ಚೆನ್ನಾಗಿ ಹೇಳುತ್ತಾಳೆ, ಮಾಸ್ತರರ ಮಗಳು. ಒಂದು ಪಾಲು ಪೆಟ್ರೋಲಿಗೆ ಹದಿನಾಲ್ಕೂವರೆ ಪಾಲು ಗಾಳಿ ಬೇಕು. ಗಾಳಿ ಹೆಚ್ಚಾದರೆ ಇಂಜಿನ್ ಕಾಯುತ್ತದೆ, ಪೆಟ್ರೋಲ್ ಹೆಚ್ಚಾದರೆ ಕಪ್ಪು ಹೊಗೆ. ಹೊಗೆಯ ಕೊಳವೆಯಲ್ಲಿ ಒಂದು ಸೆನ್ಸರ್ ಕೂಡಿಸಿದ್ದಾಳೆ. ಅದು ಮೂಸಿ ನೋಡಿ ಪರದೆಯ ಮೇಲೆ ನಂಬರ್ ತೋರಿಸುತ್ತದೆ. ಪರದೆಯ ತುಂಬ ಚೌಕಗಳು. ಒಂದೊಂದು ವೇಗಕ್ಕೆ, ಒಂದೊಂದು ಭಾರಕ್ಕೆ ಒಂದೊಂದು ಚೌಕ. ಪ್ರತಿಯೊಂದರಲ್ಲೂ ಎಷ್ಟು ಪೆಟ್ರೋಲ್ ಎಂದು ತುಂಬಬೇಕು.

"ಪುಣೇದಾಗ ಇದಕ್ಕ ರೋಲರ್ ಮಷಿನ್ ಇರ್ತೈತ್ರಿ, ನಿಂತಲ್ಲೇ ಗಾಲಿ ತಿರುಗಸಬಹುದು. ಇಲ್ಲಿ ನಮಗ ರಸ್ತಾನ ಮಷಿನ್. ಯಾರಾರ ಕಾಲು ಅಲುಗಾಡಸದ ಒಂದ ವೇಗದಾಗ ಹೊಡೀಬೇಕು. ನಾ ಬಾಜೂಕ ಕುಂತು ನಂಬರ್ ನೋಡ್ತೇನಿ."

ಶಮಶುದ್ದೀನ ನನ್ನ ಕಡೆ ನೋಡಿದ. ಎರಡು ಸೀಟಿನ ನಡುವೆ ಗೇರಿನ ಕೋಲು ಬಿಟ್ಟರೆ ಏನೂ ಇಲ್ಲ, ಮೊಣಕೈ ತಾಗುತ್ತದೆ. ಯೋಚಿಸಿ ಹೇಳುತ್ತೇನೆ ಎಂದೆ. ಯೋಚಿಸಲು ಏನಿದೆ? ಮಾತು ಕೊಟ್ಟಿದ್ದೇನೆ.

ನವೆಂಬರ್ 20, ಗುರುವಾರ. ಅಮಾವಾಸ್ಯೆ

ಯಂಕಂಚಿಯ ತನಕ ಹೋಗಿ ಬಂದೆವು. "ನಲವತ್ತ ರೀ. ನಲವತ್ತ ಇರ್ಲಿ. ಇನ್ನೊಂದ ಸ್ವಲ್ಪ. ಈಗ ಬಿಡ್ರಿ." ಹೋಗುತ್ತ ಬರುತ್ತ ಇದೇ. ನನಗೆ ಹೀಗೆ ಹೇಳಿದವರು ನಮ್ಮ ಯಜಮಾನರೊಬ್ಬರೇ, ಅದೂ ಗಾಡಿ ಕಲಿಸಿದ ಮೊದಲ ವಾರ ಮಾತ್ರ. ಕ್ಲಚ್ ಒತ್ತಿ ಒತ್ತಿ ಎಡ ಮೊಣಕಾಲು ಊದಿದೆ.

ಸಂಜೆ ಅವಳು ಹೋದ ಮೇಲೆ ಗಾಡಿ ತೊಳೆಸಿ ವಿಭೂತಿ ಹಚ್ಚಿ ಕಾಯಿ ಒಡೆದೆ. ಒಂದು ನಿಂಬೆಹಣ್ಣು, ಏಳು ಮೆಣಸಿನಕಾಯಿ ತಂತಿಗೆ ಚುಚ್ಚಿ ಕಟ್ಟಿದೆ. ಲಾರಿಯ ಹಾಗೆ ಮುಂದೆ ಕಾಣುವಂತೆ ತೂಗುಬಿಡುವುದು ಈ ಗಾಡಿಗೆ ಒಪ್ಪುವುದಿಲ್ಲ. ಆ ಹುಡುಗಿಯ ಕಣ್ಣಿಗೆ ಬೀಳುವುದೂ ಬೇಡ. ಜಾಲರಿಯ ಕೆಳಗಿಂದ ಕೈ ಹಾಕಿ, ಒಳಗೆ ಹಾರ್ನಿನ ಪಕ್ಕದ ಬೋಲ್ಟಿಗೆ ಕಟ್ಟಿದೆ. ಮೇಲಿನಿಂದ ನೋಡಿದರೆ ಕಾಣುವುದಿಲ್ಲ. ನನ್ನ ಗಾಡಿಗೆ ನಾನು ಕಟ್ಟಿದ್ದಕ್ಕೆ ಯಾರಿಗೂ ಉತ್ತರ ಕೊಡಬೇಕಿಲ್ಲ.

ನವೆಂಬರ್ 26, ಬುಧವಾರ

ದೇವರ ಹಿಪ್ಪರಗಿಯ ತನಕ ಎರಡು ಸಲ. ಅರ್ಧಕ್ಕಿಂತ ಹೆಚ್ಚು ಚೌಕ ತುಂಬಿದವು. ತೊಗರಿ ಕಾಯಿ ಕಟ್ಟಿದೆ, ಗಾಳಿಗೆ ಅದರ ವಾಸನೆ. ಟಪ್ಪು ತೆಗೆದಿದ್ದೆವು.

ಏರಿನಲ್ಲಿ ಇಂಜಿನ್ನಿನ ಸಪ್ಪಳ ಕೇಳಿ, "ಹದಿಮೂರರ ಹತ್ತಿರ ಇರಬೇಕು" ಎಂದೆ. ಅವಳು ಪರದೆ ನೋಡಿ, ನನ್ನ ಮುಖ ನೋಡಿದಳು.

"ಹದಿಮೂರು ಪಾಯಿಂಟ್ ಒಂದು. ಅವ್ವಾರ, ನಾ ಸೆನ್ಸರ್ ಯಾಕ ತರಿಸಿದ್ನೋ. ನಿಮ್ಮನ್ನ ಸೈಲೆನ್ಸರಿಗೆ ಕಟ್ಟಿದ್ರ ಮುಗೀತಿತ್ತು."

ಬಾಯಿ ಜೋರಿದೆ. ನನಗೆ ನಗು ಬಂದು, ಧೂಳು ನುಂಗಿ ಕೆಮ್ಮು ಹತ್ತಿತು. ಬಾಟ್ಲಿ ಕೊಟ್ಟಳು, ಕುಡಿದೆ. ನೀರಿನಲ್ಲಿ ಸೋಂಪು ಹಾಕಿರುತ್ತಾಳೆ, ಬಾಯಾರಿಕೆ ಬೇಗ ಹೋಗುತ್ತದೆ. ನಾಳೆ ಬಾಗೇವಾಡಿ ರಸ್ತೆ.

ಡಿಸೆಂಬರ್ 2, ಮಂಗಳವಾರ

ಏನೋ ಸರಿಯಿಲ್ಲ. ನಿನ್ನೆ ಹೊಂದಿಸಿದ ಚೌಕ ಇಂದು ಹದಿನಾರು ತೋರಿಸುತ್ತದೆ. ಪೆಟ್ರೋಲ್ ಸಾಲದು ಎಂದು ಅರ್ಥ. ಅವಳು ಹೆಚ್ಚಿಸುತ್ತಾಳೆ. ಮರುದಿನ ಮತ್ತೆ ಹದಿನಾರು. "ನನ್ನ ಕಿವಿಗೆ ಹಂಗ ಕೇಳಸೂದಿಲ್ಲ" ಎಂದೆ. ಕೆಲಸ ಅವಳದು ಎಂದು ಬಿಟ್ಟೆ.

ಡಿಸೆಂಬರ್ 5, ಶುಕ್ರವಾರ

ಪ್ಲಗ್ ಬಿಚ್ಚಿ ನನ್ನ ಮುಂದೆ ಹಿಡಿದಳು. ಮಸಿ ಹಿಡಿದಿತ್ತು.

"ನೋಡ್ರಿ, ನಂಬರ್ ಪೆಟ್ರೋಲ್ ಕಡಿಮಿ ಅಂತೈತಿ, ಪ್ಲಗ್ ಹೆಚ್ಚಾಗೈತಿ ಅಂತೈತಿ. ಎರಡರಾಗ ಒಂದು ಸುಳ್ಳ ಹೇಳಾಕತ್ತೈತಿ. ಸೆನ್ಸರ್ ಬದಲ ಮಾಡಿ ನೋಡಿದೆ, ಹಂಗ ಐತಿ. ಎಲ್ಲಿಂದ ಅಂತ ತಿಳೀವಲ್ದು. ಹುಡುಕತೇನಿ. ಅಲ್ಲೀತನಕ ಗಾಡಿ ಹೊರಗ ತಗೀಬ್ಯಾಡ್ರಿ. ನಾಳಿ ನಾ ಬರೂದಿಲ್ಲ."

ದಿನ ಎಷ್ಟು ಉಳಿದಿವೆ ಗೊತ್ತೇನು ಎಂದು ಕೇಳಿದೆ.

"ಗೊತ್ತೈತ್ರಿ. ನಾಳಿ ಡಿಸೆಂಬರ್ ಆರು, ಮಹಾಪರಿನಿರ್ವಾಣ ದಿನ. ಆರನೇ ತಾರೀಖ ನಾವು ಯಾವ ಕೆಲಸಕ್ಕೂ ಹೋಗೂದಿಲ್ಲ."

ಹೇಳಿದಳು ಅಷ್ಟೇ, ರಜೆ ಕೇಳಲಿಲ್ಲ.

ಡಿಸೆಂಬರ್ 6, ಶನಿವಾರ

ನನ್ನ ಗಾಡಿಯನ್ನು ಹೊರಗೆ ತೆಗೆಯಬೇಡ ಎನ್ನಲು ಅವಳು ಯಾರು ಎಂದುಕೊಂಡು ತೆಗೆದೆ. ಬಸ್‌ಸ್ಟ್ಯಾಂಡಿನ ಮುಂದೆ ನಿಂತುಬಿಟ್ಟಿತು. ಹಿಂದೆ ಬಸ್ಸು, ಟಂಟಂ ಆಟೋ, ಎಲ್ಲ ಹಾರ್ನ್. ಐದು ಜನ ತಳ್ಳಿದರು. ಯಾರೋ ಮೊಬೈಲಿನಲ್ಲಿ ತೆಗೆದರು. ನಲವತ್ತಾರು ವರ್ಷದಲ್ಲಿ ಈ ಗಾಡಿಯಲ್ಲಿ ಕೂತು ನಾನು ತಲೆ ಬಗ್ಗಿಸಿರಲಿಲ್ಲ.

ಡಿಸೆಂಬರ್ 7, ಭಾನುವಾರ

ಗಾಡಿ ಶಮಶುದ್ದೀನನ ಗ್ಯಾರೇಜಿನಲ್ಲಿತ್ತು. ಅವಳು ಬಂದಳು. ಏಳೆಂಟು ಜನ ಇದ್ದರು. "ನಿನಗ ಕೆಲಸ ಬರೂದಿಲ್ಲ, ಇನ್ನ ಬರಬ್ಯಾಡ" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅವಳ ಕೇರಿಯ ಹೆಸರು ತೆಗೆದು ಇನ್ನೊಂದು ಮಾತು ಅಂದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಅವಳು ಲ್ಯಾಪ್‌ಟಾಪ್ ಮುಚ್ಚಿ, ವೈರ್ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋದಳು. ಶಮಶುದ್ದೀನ ನನಗೆ ಚಹಾ ತರಿಸಲಿಲ್ಲ.

ಡಿಸೆಂಬರ್ 12

ಮೊಣಕಾಲು. ಬರೆಯುವಂಥದ್ದು ಏನೂ ಇಲ್ಲ.

ಡಿಸೆಂಬರ್ 15, ಸೋಮವಾರ

ಗಾಡಿಯನ್ನು ಕಟ್ಟಿ ಎಳೆದು ತಂದು ಶೆಡ್ಡಿಗೆ ಹಾಕಿದರು. ವಿಜಯಪುರದ ಇಬ್ಬರು ಮೇಸ್ತ್ರಿಗಳಿಗೆ ಫೋನ್ ಮಾಡಿಸಿದೆ. ಇಬ್ಬರೂ ಇಂಜೆಕ್ಷನ್ ಕಿತ್ತು ಹಾಕಿ ಎಂದರು. ಹೋಟೆಲಿನವನು ಕಟ್ಟೆ ಕಟ್ಟಿಸಿದ್ದಾನಂತೆ. ಅಮಿತ ಊಟ ಮಾಡುತ್ತ ಹೇಳಿದ. ನಾನು ಮಜ್ಜಿಗೆ ಹಾಕಿಕೊಂಡು ಎದ್ದೆ.

ಡಿಸೆಂಬರ್ 19, ಶುಕ್ರವಾರ. ಎಳ್ಳ ಅಮಾವಾಸ್ಯೆ

ಬೆಳಿಗ್ಗೆ ಹೊಲಕ್ಕೆ ಹೋಗಿ ಬೆಳೆಗೆ ಎಡೆ ಎರಚಿ, ಚರಗ ಚೆಲ್ಲಿ ಬಂದೆವು. ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಎಲ್ಲ ಜಯಮಾಲಾ ಮಾಡಿದ್ದಳು. ನನಗೆ ಏನೂ ರುಚಿಸಲಿಲ್ಲ.

ಬಂದ ಮೇಲೆ, ಓಡದಿದ್ದರೂ ಗಾಡಿಗೆ ಪೂಜೆ ತಪ್ಪಿಸಬಾರದೆಂದು ಶೆಡ್ಡಿಗೆ ಹೋದೆ. ಹಳೆಯ ನಿಂಬೆಹಣ್ಣು ತೆಗೆಯಲು ಜಾಲರಿಯೊಳಗೆ ಕೈ ಹಾಕಿದರೆ ಬೆರಳಿಗೆ ಪುಡಿಪುಡಿಯಾದದ್ದು ಏನೋ ಹತ್ತಿತು. ಟಾರ್ಚು ಬಿಟ್ಟು ನೋಡಿದೆ. ತಂತಿ ಚುಚ್ಚಿದ ಕಡೆಯಿಂದ ಹುಳಿ ರಸ ಇಳಿದು ಬೋಲ್ಟಿನ ಮೇಲೆ ಹರಿದಿದೆ. ಬೋಲ್ಟಿಗೆ ಒಂದು ಕರಿ ವೈರ್. ಅದರ ತುದಿಯ ತಾಮ್ರದ ಬಳೆಯ ತುಂಬ ಹಸಿರು ಜಂಗು. ಆ ವೈರ್ ಆ ಹುಡುಗಿ ಕಂಪ್ಯೂಟರ್ ಪೆಟ್ಟಿಗೆಯಿಂದ ಎಳೆದು ತಂದದ್ದು. ಹಾಕುವಾಗ ನಾನೇ ನೋಡಿದ್ದೆ. "ಇದು ಅರ್ಥಿಂಗ್ ರೀ, ಇದು ಕೆಟ್ರ ಪೆಟಗಿಗೆ ತಲಿ ತಿರುಗತೈತಿ" ಎಂದಿದ್ದಳು.

ನೆಲದ ಮೇಲೆ ಬಹಳ ಹೊತ್ತು ಕೂತಿದ್ದೆ. ಏಳುವುದಕ್ಕೆ ಯಾರನ್ನೂ ಕರೆಯಲಿಲ್ಲ.

ಡಿಸೆಂಬರ್ 20, ಶನಿವಾರ

ಪಾಲಿಶ್ ಕಾಗದ ತಂದು ಬೋಲ್ಟು, ಬಳೆ ನಾನೇ ಉಜ್ಜಿದೆ. ಗಾಡಿ ಚಾಲೂ ಆಯಿತು. ಹಿಂದಿನಿಂದ ಕರಿ ಹೊಗೆ, ಶೆಡ್ಡಿನ ಗೋಡೆಯೆಲ್ಲ ಮಸಿ. ಶಮಶುದ್ದೀನನನ್ನು ಕರೆಸಿ, ವೈರಿಗೆ ಜಂಗು ಹಿಡಿದಿತ್ತು, ಉಜ್ಜಿದ್ದೇನೆ ಎಂದಷ್ಟೇ ಹೇಳಿದೆ.

ಅವನು ಹೊಗೆಯ ನಡುವೆ ನಿಂತು ಗಡ್ಡ ಕೆರೆದುಕೊಂಡ. "ಅಕ್ಕಾರ, ಜಂಗಿನಿಂದ ನಂಬರ್ ಸುಳ್ಳ ಬಂದಾವ. ಸುಳ್ಳ ನಂಬರ್ ನಂಬಿ ಹುಡುಗಿ ಪೆಟ್ರೋಲ್ ಹೆಚ್ಚ ಮಾಡಕೋತ ಹೋಗ್ಯಾಳ. ಈಗ ನಂಬರ್ ಖರೇ ಆದ್ವು, ಹೆಚ್ಚಿನ ಪೆಟ್ರೋಲ್ ಹಂಗ ಉಳೀತು. ಅದನ್ನ ಇಳಸೂದು ಆಕಿ ಲ್ಯಾಪ್‌ಟಾಪಿನ್ಯಾಗ ಐತಿ."

"ನೀ ಫೋನ್ ಮಾಡು."

"ನಾ ಮಾಡೂದಿಲ್ರಿ," ಎಂದ. ಮೂವತ್ತು ವರ್ಷದಲ್ಲಿ ಅವನು ನನಗೆ ಇಲ್ಲ ಎಂದದ್ದು ಇದೇ ಮೊದಲು.

ಡಿಸೆಂಬರ್ 22, ಸೋಮವಾರ

ಬಸ್ಸಿನಲ್ಲಿ ಮೋರಟಗಿಗೆ ಹೋದೆ. ಮನೆ ಕೇಳಿಕೊಂಡು ಹೋಗಬೇಕಾಯಿತು. ತೋರಿಸಿದವರೆಲ್ಲ ನನ್ನನ್ನು ತಿರುಗಿ ತಿರುಗಿ ನೋಡಿದರು. ಆ ಕೇರಿಯಲ್ಲಿ ನಮ್ಮ ಮನೆತನದ ಹೆಂಗಸು ಕಾಲಿಟ್ಟದ್ದು ನನಗೆ ನೆನಪಿಲ್ಲ. ಚೊಕ್ಕ ಮನೆ, ಬಾಗಿಲಿಗೆ ನೀಲಿ ಬಣ್ಣ, ಒಳಗೆ ಪುಸ್ತಕದ ಕಪಾಟು. ರಾವಸಾಬ ಮಾಸ್ತರರು ಕುರ್ಚಿ ಹಾಕಿದರು.

"ಬರ್ರಿ. ಚಹಾ ಕುಡಿಯೂರೋ ಇಲ್ಲೋ, ಮೊದಲ ಹೇಳಿಬಿಡ್ರಿ. ಮಾಡಿ ಚೆಲ್ಲೂದು ಬ್ಯಾಡ."

"ಮಾಡ್ರಿ," ಎಂದೆ.

ಹುಡುಗಿ ಹೊರಗೆ ಬಂದಳು. ನಮಸ್ಕಾರ ಮಾಡಲಿಲ್ಲ. ಬೋಲ್ಟಿಗೆ ಜಂಗು ಹಿಡಿದಿತ್ತು, ತೆಗೆದೆ, ಈಗ ಹೊಗೆ ಬರುತ್ತಿದೆ ಎಂದು ಹೇಳಿದೆ.

"ಯಾವ ಬೋಲ್ಟ್?"

"ಹಾರ್ನ್ ಬಾಜೂದ್ದು."

"ಅದು ನಾನ ಹಾಕಿದ್ದು, ಹೊಸಾದು. ಮಳಿ ಇಲ್ಲ, ನೀರಿಲ್ಲ. ತಿಂಗಳದಾಗ ಜಂಗ ಹೆಂಗ ಹಿಡೀತು?"

ನಾನು ಚಹಾ ಕುಡಿದೆ. ಬಹಳ ಬಿಸಿ ಇತ್ತು.

"ಅವ್ವಾರ, ದಿನಕ್ಕೊಂದ ಫೈಲ್ ಉಳಿಸೇನಿ. ಯಾವ ದಿನದ್ದು ಖರೇ, ಯಾವ ದಿನದ್ದು ಸುಳ್ಳು ಅಂತ ತಿಳೀಲಿಲ್ಲಂದ್ರ ಮೊದಲಿಂದ ಮಾಡಬೇಕು. ಇದ್ದ ದಿನದಾಗ ಅದು ಆಗೂದಿಲ್ಲ. ಏನ ಆತು, ಯಾವಾಗ ಆತು ಅನ್ನೂದು ನನಗ ಬೇಕು."

ಹೇಳಿದೆ. ಅಮಾವಾಸ್ಯೆ, ನವೆಂಬರ್ ಇಪ್ಪತ್ತು, ಸಂಜೆ ಆರು ಗಂಟೆ. ನಿಂಬೆಹಣ್ಣು, ತಂತಿ, ಬೋಲ್ಟು. ಅವಳಿಗೆ ಕಾಣಬಾರದೆಂದು ಒಳಗೆ ಕಟ್ಟಿದೆ ಎಂಬುದನ್ನೂ ಹೇಳಿದೆ. ಮಾಸ್ತರರು ಚಾವಣಿಯ ಕಡೆ ನೋಡುತ್ತ, "ನಿಂಬಿಹಣ್ಣು ತನ್ನ ಕೆಲಸ ತಾ ಮಾಡೈತಿ ಬಿಡ್ರಿ" ಎಂದರು. ಹುಡುಗಿ ನಗಲಿಲ್ಲ.

"ಅರ್ಥಿಂಗ್ ಮೊದಲ ನೋಡಬೇಕಾಗಿತ್ತು. ನಾನ ಬಿಗದದ್ದು ಅಂತ ನೋಡಲಿಲ್ಲ. ಅದು ನನ್ನ ತಪ್ಪು. ಇಪ್ಪತ್ತನೇ ತಾರೀಖಿನ ಫೈಲ್ ಹಾಕಿ, ಅಲ್ಲಿಂದ ಮುಂದ ಹೋದ್ರ ಆಗತೈತಿ, ಬರ್ತೇನಿ. ಆದ್ರ ಗಾಡಿ ಮಾತ ಬ್ಯಾರೆ, ಆ ಮಾತ ಬ್ಯಾರೆ. ಗ್ಯಾರೇಜಿನ್ಯಾಗ ಮಂದಿ ಮುಂದ ಅಂದೀರಿ. ಅಲ್ಲೇ, ಆ ಮಂದಿ ಮುಂದ ವಾಪಸ್ ತಗೋರಿ."

"ನನಗ ಅರವತ್ತೆಂಟು ವರ್ಷ," ಎಂದೆ.

"ನನಗ ಇಪ್ಪತ್ತೇಳ್ರಿ. ನಾ ಇನ್ನೂ ಭಾಳ ವರ್ಷ ಅದನ್ನ ಹೊತ್ಕೊಂಡ ತಿರಗಬೇಕು."

ಬರುವಾಗ ಬಸ್ಸಿನಲ್ಲಿ ಜಾಗ ಇರಲಿಲ್ಲ. ಸಿಂದಗಿಯ ತನಕ ನಿಂತೇ ಬಂದೆ.

ಡಿಸೆಂಬರ್ 23, ಮಂಗಳವಾರ

ಹನ್ನೊಂದಕ್ಕೆ ಗ್ಯಾರೇಜಿಗೆ ಹೋದೆ. ಅಂದು ಇದ್ದವರಲ್ಲಿ ಇಬ್ಬರು ಬಂದಿರಲಿಲ್ಲ. ಅವರಿಗೂ ಹೇಳಿಕಳಿಸಿ ಎಂದು ಕಾದೆ. ಬಂದರು. ವಾಪಸ್ ತಗೊಂಡೆ.

ಡಿಸೆಂಬರ್ 24, ಬುಧವಾರ

ಸುದ್ದಿ ಅಮಿತನಿಗೆ ಮುಟ್ಟಿದೆ. "ಹಿಂಗ್ಯಾಕ ಮಾಡ್ದಿ ಯವ್ವಾ, ಮನಿ ಮರ್ಯಾದಿ ಏನ ಉಳೀತು" ಎಂದ. "ಮರ್ಯಾದಿ ನಂದು, ನಾ ನೋಡ್ಕೋತೇನಿ" ಎಂದೆ. ಜಯಮಾಲಾ ಒಳಗೆ ಪಾತ್ರೆ ಕೆಳಗಿಡುವುದನ್ನು ನಿಲ್ಲಿಸಿ ಕೇಳುತ್ತಿದ್ದಳು.

ಹುಡುಗಿ ಒಂಬತ್ತಕ್ಕೆ ಬಂದಳು. ಇಪ್ಪತ್ತನೆಯ ತಾರೀಖಿನ ಫೈಲ್ ಹಾಕಿದಳು. ಹೊಗೆ ನಿಂತಿತು. ಅಂದಿನಿಂದ ಮುಂದಿನ ಚೌಕಗಳೆಲ್ಲ ಹೊಸದಾಗಿ ಆಗಬೇಕು. ಇಂದು ನಂಬರ್ ಅಷ್ಟೇ ಮಾತು.

ಡಿಸೆಂಬರ್ 31, ಬುಧವಾರ

ದಿನಾ ಎಪ್ಪತ್ತು, ಎಂಬತ್ತು ಕಿಲೋಮೀಟರು. ರಾತ್ರಿ ಕಾಲಿಗೆ ಎಣ್ಣೆ ತಿಕ್ಕಿಸಿಕೊಂಡರೂ ಬೆಳಿಗ್ಗೆ ಮತ್ತೆ ಅಷ್ಟೇ. ಜಯಮಾಲಾ ಎರಡು ಬುತ್ತಿ ಕಟ್ಟುತ್ತಿದ್ದಳು. ಒಂದೇ ಡಬ್ಬಿಯಲ್ಲಿ ಕಟ್ಟು ಎಂದೆ. ಲ್ಯಾಪ್‌ಟಾಪು, ವೈರು, ಸ್ಪಾನರ್ ಚೀಲ, ಇವುಗಳ ನಡುವೆ ಎರಡು ಡಬ್ಬಿಗೆ ಜಾಗವಿಲ್ಲ. ಹುಡುಗಿಗೆ ಶೇಂಗಾ ಹಿಂಡಿಯ ಪುಡಿಚಟ್ನಿ ಸೇರುತ್ತದೆ, ನನ್ನ ಪಾಲೂ ತಿನ್ನುತ್ತಾಳೆ.

ಜನವರಿ 5, ಸೋಮವಾರ

ಎಲ್ಲ ಚೌಕ ತುಂಬಿದವು. ಈಗ ಉಳಿದದ್ದು ಗಾಡಿ ನಿಂತಲ್ಲೇ ಇಂಜಿನ್ ತಿರುಗುವಾಗಿನದು, ಹೊಗೆ ಪರೀಕ್ಷೆ ಆಗುವುದೇ ಅದರಲ್ಲಿ. ಮೂರು ತಾಸು ಕೂತು ಒಂದು ಕೂದಲೆಳೆಯಷ್ಟು ಇಳಿಸುತ್ತಾಳೆ, ಏರಿಸುತ್ತಾಳೆ. ನಾನು ಕಣ್ಣು ಮುಚ್ಚಿ ಸಪ್ಪಳ ಕೇಳುತ್ತೇನೆ. ಸಾಕು ಅನ್ನಿಸುತ್ತದೆ. ಅವಳಿಗೆ ಸಾಕಾಗುವುದಿಲ್ಲ. ಅಮಿತ ಶೆಡ್ಡಿನ ಬಾಗಿಲಿನಲ್ಲಿ ನಿಂತು ನೋಡಿ ಹೋದ.

ಜನವರಿ 9, ಶುಕ್ರವಾರ

ಬೆಳಿಗ್ಗೆ ಆರಕ್ಕೆ ಹೊರಟು ವಿಜಯಪುರ ಮುಟ್ಟಿದೆವು. ಆರ್‌ಟಿಒ ಕಚೇರಿಯ ಸರದಿಯಲ್ಲಿ ಮುಂದೆ ಟ್ರ್ಯಾಕ್ಟರು, ಹಿಂದೆ ಶಾಲೆಯ ಬಸ್ಸು. ಮೂರು ತಾಸು ಬಿಸಿಲಲ್ಲಿ ಕಾದೆವು. ಕೊಳವೆಯಲ್ಲಿ ನಳಿಗೆ ಇಟ್ಟು ಪರೀಕ್ಷೆ ಮಾಡುವವನು ಒಮ್ಮೆ ನೋಡಿದ, ನಳಿಗೆ ತೆಗೆದು ಕೊಡವಿ ಮತ್ತೆ ಇಟ್ಟ. ನಾನು ಸ್ಟೇರಿಂಗ್ ಬಿಡದೆ ಹಿಡಿದಿದ್ದೆ. ಹುಡುಗಿ ಉಗುರು ಕಚ್ಚುತ್ತಿದ್ದಳು.

"ಇಷ್ಟ ಹಳೇ ಗಾಡಿ, ಇಷ್ಟ ಕಡಿಮಿ ಹೊಗಿ. ಯಾರ್ರಿ ಮಾಡಿದವರು?" ಎಂದು ಕೇಳಿದ.

"ಮೋರಟಗಿ ರಾವಸಾಬ ಮಾಸ್ತರರ ಮಗಳು, ಸಂಘಮಿತ್ರಾ," ಎಂದೆ. ಅವನು ಯಾರೋ ಹಿರಿಯರನ್ನು ಹುಡುಕುತ್ತ ಹಿಂದೆ ನೋಡಿದ. "ಹಿಂದ ಅಲ್ಲ. ಇಲ್ಲಿ ಕುಂತಾಳಲ್ಲ," ಎಂದೆ.

ಪಾಸು. ರಿಜಿಸ್ಟ್ರೇಶನ್ ಮತ್ತೆ ಐದು ವರ್ಷ. ಅಮಿತನಿಗೆ ಫೋನ್ ಮಾಡಿ, ಹೋಟೆಲಿನವನಿಗೆ ಕಟ್ಟೆಯ ಮೇಲೆ ತುಳಸಿ ನೆಡಲು ಹೇಳು ಎಂದೆ. ಅವನು ನಕ್ಕ. ಬಹಳ ದಿನದ ಮೇಲೆ.

ಬರುವಾಗ ವಿಜಯಪುರ ಬಿಟ್ಟು ಇಪ್ಪತ್ತು ಕಿಲೋಮೀಟರಿಗೆ ಎಡಗಾಲು ಕ್ಲಚ್ಚಿನ ಮೇಲಿಂದ ಏಳದಾಯಿತು. ಬೇವಿನ ಗಿಡದ ಕೆಳಗೆ ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಸರಿಯಾಗುತ್ತದೆ ಎಂದೆ. ಆಗಲಿಲ್ಲ. ಹುಡುಗಿ ರಸ್ತೆ ನೋಡುತ್ತ ಕೂತಿದ್ದಳು. ನಾನೇ ಇಳಿದು, ಬಾನೆಟ್ಟು ಹಿಡಿದುಕೊಂಡು ಆ ಕಡೆ ಬಂದು, "ಅತ್ಲಾಗ ಸರಿ" ಎಂದೆ. ಅವಳು ಸರಿದು ಸ್ಟೇರಿಂಗ್ ಮುಂದೆ ಕೂತಳು. ಮೊದಲ ಗೇರು ಸ್ವಲ್ಪ ಎಡಕ್ಕೆ ಒತ್ತಿ ಹಾಕಬೇಕು ಎಂದು ಹೇಳಿದೆ. ಎರಡನೆಯದಕ್ಕೆ ಹೇಳಬೇಕಾಗಲಿಲ್ಲ.

ಅವಳು ಹೇಗೆ ಹೊಡೆಯುತ್ತಾಳೆ ನೋಡಬೇಕೆಂದು ಎಚ್ಚರವಾಗಿಯೇ ಕೂತಿದ್ದೆ. ದೇವರ ಹಿಪ್ಪರಗಿ ದಾಟಿದ್ದು ನನಗೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಗಾಡಿ ನಮ್ಮ ಮನೆಯ ಮುಂದೆ ನಿಂತಿತ್ತು, ಇಂಜಿನ್ ಮೆಲ್ಲಗೆ ತಿರುಗುತ್ತಿತ್ತು. ಅವಳ ಚಾದರ ನನ್ನ ಕಾಲ ಮೇಲಿತ್ತು.

"ಎಬ್ಬಸಬಾರದೇನ?" ಎಂದು ಗದರಿಸಿದೆ.

"ಈಗಷ್ಟ ಬಂದ್ವಿ ರೀ ಅವ್ವಾರ," ಎಂದಳು.

ಒಳಗೆ ಹೋಗಿ ಗಡಿಯಾರ ನೋಡಿದೆ. ಜಯಮಾಲಾ ಹೇಳಿದಳು, ಮುಕ್ಕಾಲು ತಾಸಿನಿಂದ ಗಾಡಿ ಅಲ್ಲೇ ನಿಂತಿತ್ತಂತೆ.